ಪಕ್ಕದ ಎಲೆ

ಮದುವೆ ಮನೆಯ ಊಟದ ಸಾಲಿನಲ್ಲಿ ಈಚೆಗೆ ನನಗೊಂದು ಕಿರಿಕಿರಿ ಗಂಟುಬಿದ್ದಿದೆ. ಎಲೆ ತೊಳೆದುಕೊಂಡು ಕೂತಿರುತ್ತೇನೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಹುರುಳಿಕಾಯಿ ಪಲ್ಯ, ಗೊಜ್ಜು ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದಿರುತ್ತವೆ. ಹೋಳಿಗೆ ತಟ್ಟೆಯವನು ಸಾಲಿನ ಆ ತುದಿಯಿಂದ ಬಗ್ಗಿ ಬಗ್ಗಿ ಬರುತ್ತಿರುತ್ತಾನೆ, ಅವನ ಬೆನ್ನಿಗೇ ತುಪ್ಪದವನು. ಅಷ್ಟರಲ್ಲಿ ಪಕ್ಕದ ಎಲೆಯವರು ನನ್ನ ಎಲೆ ನೋಡಿ, "ಹಾಕಿಸ್ಕೋತೀರಾ? ಈಚೆಗೆ ಶುಗರ್ ಚೆಕ್ ಮಾಡಿಸಿದ್ರಾ?" ಅನ್ನುತ್ತಾರೆ. ಅನ್ನ ಬಂದಾಗ ಮಾತು ಇನ್ನೂ ಬೆಳೆಯುತ್ತದೆ. ಪಾಲಿಶ್ ಅಕ್ಕಿ, ಸಂಜೆ ಏಳರೊಳಗೆ ಊಟ, ಹದಿನಾರು ಗಂಟೆ ಉಪವಾಸ, ಯಾರೋ ಬಿಟ್ಟ ಸಕ್ಕರೆ, ಯಾರೋ ಇಳಿಸಿದ ತೂಕ. ಹೋಳಿಗೆ ಎಲೆಯ ಮೇಲೇ ತಣ್ಣಗಾಗುತ್ತದೆ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಸ್ವಲ್ಪ ಹೊತ್ತು ಮಾತಾಡಿಸಿದರೆ ಹೆಚ್ಚಿನವರ ಮಾತಿನ ಹಿಂದೆ ಒಂದು ಹೆದರಿಕೆ ಇರುವುದು ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಕಾಲ್ಬೆರಳು ತೆಗೆಸಿಕೊಂಡ ಅಣ್ಣ, ಐವತ್ತು ದಾಟುವ ಮುಂಚೆಯೇ ಎದೆ ಹಿಡಿದುಕೊಂಡು ಕುಸಿದ ಭಾವಮೈದುನ. ಅಂಥ ಮನೆಯಿಂದ ಬಂದವರಿಗೆ ಬೇರೆಯವರ ಎಲೆ ನೋಡಿಕೊಂಡು ಸುಮ್ಮನಿರುವುದು ಕಷ್ಟ. ಅವರು ಹೇಳುವುದರಲ್ಲಿ ಬಹಳಷ್ಟು ನಿಜವೂ ಹೌದು. ಆದರೆ ಆ ಮಾತು ಕೇಳಿ ಯಾರೊಬ್ಬರಾದರೂ ಹೋಳಿಗೆ ವಾಪಸು ಕಳಿಸಿದ್ದನ್ನು ನಾನು ನೋಡಿಲ್ಲ. "ಇರ್ಲಿ, ಇನ್ನೊಂದು ಹಾಕಪ್ಪ" ಅಂತ ಕರೆದು ಹಾಕಿಸಿಕೊಂಡವರನ್ನು ನೋಡಿದ್ದೇನೆ.

ಊಟದಲ್ಲಿ ಒತ್ತಾಯ ನಮಗೇನೂ ಹೊಸದಲ್ಲ. ನನ್ನ ಚಿಕ್ಕಂದಿನಲ್ಲಿ, ತುಮಕೂರಿನ ಕಡೆಯ ಮದುವೆಗಳಲ್ಲಿ, ಉಪಚಾರ ಅಂದರೆ ಒತ್ತಾಯವೇ. ಬಡಿಸುವವರ ಹಿಂದೆ ಹೆಗಲ ಮೇಲೆ ವಲ್ಲಿ ಹಾಕಿಕೊಂಡ ಹಿರಿಯರೊಬ್ಬರು ಸಾಲಿನ ಉದ್ದಕ್ಕೂ ನಡೆಯುತ್ತಿದ್ದರು. ಯಾರ ಎಲೆ ಬರಿದಾಗಿದೆ, ಯಾರು ಸಂಕೋಚದ ಸ್ವಭಾವದವರು, ಬೀಗರ ಕಡೆಯವರು ಎಲ್ಲಿ ಕೂತಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತು. ಬೇಡ ಅಂದರೆ ಅದು ನಾಚಿಕೆ ಅಂತಲೇ ಲೆಕ್ಕ. ಎರಡೂ ಕೈ ಅಡ್ಡ ಹಿಡಿದು ಎಲೆಯ ಮೇಲೆ ಬಗ್ಗಿದವರ ಬೆರಳ ಸಂದಿಯಿಂದ ಲಾಡು ಒಳಕ್ಕೆ ಜಾರುತ್ತಿತ್ತು. ಸುತ್ತಲಿನವರು ನಗುತ್ತಿದ್ದರು, ಹಾಕಿಸಿಕೊಂಡವರೂ ನಗುತ್ತಿದ್ದರು. ಯುಗಾದಿಗೋ ಗೌರಿ ಹಬ್ಬಕ್ಕೋ ಮಾತ್ರ ಹೂರಣ ರುಬ್ಬುತ್ತಿದ್ದ ಮನೆಗಳ ಜನ ಅವರು. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಹಾಗಾಗಿ ಆ ಒತ್ತಾಯದಲ್ಲಿ ಪ್ರೀತಿಯ ಜೊತೆಗೆ ಬರಗಾಲದ ನೆನಪೂ ಇತ್ತು. ಈ ಹೊತ್ತು ತಿನ್ನಲಿ, ನಾಳೆ ಯಾರು ಕಂಡಿದ್ದಾರೆ ಎನ್ನುವ ನೆನಪು.

ಈಗ ಸಿಹಿ ದಿನವೂ ಸಿಗುತ್ತದೆ. ಒತ್ತಾಯದ ದಿಕ್ಕು ತಿರುಗಿದೆ, ದನಿ ಮಾತ್ರ ಬದಲಾಗಿಲ್ಲ. ತಿನ್ನು ಅಂದವರಿಗೂ ತಿನ್ನಬೇಡ ಅನ್ನುವವರಿಗೂ ಎಲೆಯ ಮೇಲೆ ಅಡ್ಡ ಹಿಡಿದ ಆ ಎರಡು ಕೈಗಳು ಕಾಣುವುದೇ ಇಲ್ಲ.

ನನ್ನ ಸುತ್ತಲಿನವರ ಊಟವನ್ನು ನಿಜವಾಗಿ ಬದಲಿಸಿದವರು ಯಾರು ಅಂತ ಯೋಚಿಸಿದರೆ ಮೊದಲು ನೆನಪಾಗುವುದು ನಮ್ಮ ಕಚೇರಿಗೆ ವರ್ಗವಾಗಿ ಬಂದ ಹುನಗುಂದದ ಕಡೆಯ ಒಬ್ಬರು. ಮಾತು ಕಡಿಮೆ. ಮಧ್ಯಾಹ್ನ ನಾವೆಲ್ಲ ಕ್ಯಾಂಟೀನಿನ ಉದ್ದ ಮೇಜಿಗೆ ಸೇರುತ್ತಿದ್ದೆವು. ನಮ್ಮದು ಚಿತ್ರಾನ್ನ, ಮೊಸರನ್ನ, ಮನೆಯಿಂದ ತರದವರದು ಕ್ಯಾಂಟೀನಿನ ಪೂರಿ ಸಾಗು. ಅವರು ಒಂದು ಬಿಳಿ ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಅದರೊಳಗೆ ಜೋಳದ ಖಡಕ್ ರೊಟ್ಟಿ. ಒಂದು ಡಬ್ಬಿಯಲ್ಲಿ ಮಡಕೆಕಾಳಿನ ಪಲ್ಯ ಅಥವಾ ಪುಂಡಿಪಲ್ಯ, ಇನ್ನೊಂದು ಪುಟ್ಟ ಡಬ್ಬಿಯಲ್ಲಿ ಗುರೆಳ್ಳಿನ ಚಟ್ನಿಪುಡಿ. ಬೇರೆಯಾಗಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಸಿ ತಪ್ಪಲು. ಬೇರು ಚಿವುಟಿ ತೊಳೆದ ಎಳೆ ಮೆಂತ್ಯ, ಸಿಕ್ಕಿದ ದಿನ ಹಕ್ಕರಿಕೆ, ಚಳಿಗಾಲದಲ್ಲಿ ಎಲೆ ಸಮೇತ ಎಳೆ ಮೂಲಂಗಿ. ಜೊತೆಗೊಂದು ಇಡೀ ಉಳ್ಳಾಗಡ್ಡಿ. ಅದನ್ನು ಕಾಗದದ ಮೇಲಿಟ್ಟು ಮುಷ್ಟಿಯಿಂದ ಒಂದು ಗುದ್ದು. ಮೊದಲ ದಿನ ಆ ಸದ್ದಿಗೆ ಇಡೀ ಕ್ಯಾಂಟೀನು ತಿರುಗಿ ನೋಡಿತ್ತು.

ಅವರು ಉಣ್ಣುವುದನ್ನು ನೋಡುತ್ತ ಕೂರಬೇಕು ಅನಿಸುತ್ತಿತ್ತು. ರೊಟ್ಟಿ ಮುರಿಯುವ ಸದ್ದು, ಚಟ್ನಿಪುಡಿಯ ನಡುವೆ ಬೆರಳಿನಿಂದ ಒಂದು ಗುಳಿ ಮಾಡಿ ಅದಕ್ಕೆ ಬಿಡುವ ಶೇಂಗಾ ಎಣ್ಣೆ, ಒಂದು ತುತ್ತು ರೊಟ್ಟಿ ಪಲ್ಯ, ಅದು ಬಾಯಲ್ಲಿರುವಾಗಲೇ ನಾಲ್ಕು ಎಸಳು ಮೆಂತ್ಯ, ಒಂದು ಚೂರು ಉಳ್ಳಾಗಡ್ಡಿ. ಅವಸರವಿಲ್ಲ. ಊಟದ ಹೊತ್ತಿನಲ್ಲಿ ಫೋನು ಜೇಬಿನಲ್ಲೇ. ತಮ್ಮ ಊಟ ಶ್ರೇಷ್ಠ ಅಂತ ಒಂದು ದಿನವೂ ಹೇಳಿದವರಲ್ಲ. "ಹಸೀದೇ ತಿಂತೀರಾ ಸಾರ್?" ಅಂತ ಯಾರೋ ಕೇಳಿದಾಗ ಬಟ್ಟೆಯನ್ನು ಆ ಕಡೆ ಸ್ವಲ್ಪ ಸರಿಸಿ "ತಗೋರಿ" ಅಂದರು, ಅಷ್ಟೇ. ನಮ್ಮ ವಿಭಾಗದ ಒಬ್ಬ ಹೆಂಗಸು ಒಂದೆಳೆ ಮೆಂತ್ಯ ತೆಗೆದುಕೊಂಡು ಬಾಯಿಗಿಟ್ಟು, ಕಹಿಗೆ ಮುಖ ಕಿವುಚಿ, ಉಳಿದದ್ದನ್ನು ಡಬ್ಬಿಯ ಮುಚ್ಚಳದಲ್ಲಿ ಇಟ್ಟರು. ಹುನಗುಂದದವರು ಅದನ್ನು ನೋಡಲಿಲ್ಲ. ನೋಡದವರಂತೆ ನಟಿಸಿದ್ದೂ ಅಲ್ಲ. ತಾವು ಕೊಟ್ಟದ್ದನ್ನು ಆಕೆ ತಿಂದರೋ ಬಿಟ್ಟರೋ ಎಂಬುದು ಅವರ ಮನಸ್ಸಿಗೆ ಬಂದಿರಲಿಲ್ಲ, ಗಮನವೆಲ್ಲ ಮುಂದಿನ ತುತ್ತಿನಲ್ಲಿತ್ತು.

ಕೆಲವು ವಾರ ಕಳೆದ ಮೇಲೆ ಆ ಹೆಂಗಸೇ ಮೊಸರನ್ನದ ಜೊತೆ ಮೆಂತ್ಯದ ಎಸಳನ್ನು ಚಟ್ನಿಪುಡಿಗೆ ಅದ್ದಿ ತಿನ್ನುತ್ತಿದ್ದುದನ್ನು ಕಂಡೆ. ಆಮೇಲೆ ಮೇಜಿನ ಮೇಲೆ ಒಂದೊಂದೇ ಹೊಸ ಡಬ್ಬಿ ಕಾಣಿಸಿತು. ಒಬ್ಬರು ಸೌತೆಕಾಯಿ ಹೆಚ್ಚಿ ತಂದರು, ಒಬ್ಬರು ಮೂಲಂಗಿ ತುರಿದು ಮೊಸರು ಕಲಸಿ ತಂದರು, ಇನ್ನೊಬ್ಬರು ಮೊಳಕೆ ಹೆಸರುಕಾಳು. ಬೆಂಗಳೂರಿನ ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಖಡಕ್ ರೊಟ್ಟಿ ಕಟ್ಟು ಕಟ್ಟಿ ಮಾರುತ್ತಾರೆ ಎಂಬ ಸುದ್ದಿ ಒಬ್ಬರಿಂದ ಒಬ್ಬರಿಗೆ ಹೋಯಿತು. ಪೂರಿ ತಿನ್ನುವವರು ಕಡಿಮೆಯಾದರು. ನಮ್ಮಲ್ಲೇ ಸಕ್ಕರೆ ಕಾಯಿಲೆ ಇದ್ದ ಒಬ್ಬರು, ಡಾಕ್ಟರು ನಾರಿನಂಶದ ವಿಚಾರ ಹೇಳಿದ್ದನ್ನೆಲ್ಲ ವಿವರಿಸಿ, "ನಿಮ್ಮ ಊಟ ಎಷ್ಟು ವೈಜ್ಞಾನಿಕ ನೋಡಿ" ಅಂದರು. ಹುನಗುಂದದವರು ಪೂರ್ತಿ ಕೇಳಿಸಿಕೊಂಡು, "ನಮ್ ಕಡೆ ಇದ ಊಟ್ರೀ" ಅಂದು ಇನ್ನೊಂದು ರೊಟ್ಟಿ ಮುರಿದರು.

ನನಗೆ ಅನಿಸುವುದು, ಅವರು ಒಂದೇ ಒಂದು ಸಲ "ಇದು ನಿಮ್ಮ ಆರೋಗ್ಯಕ್ಕೆ ಒಳ್ಳೇದು" ಅಂದಿದ್ದರೆ ಆ ಮೆಂತ್ಯ ಅಲ್ಲಿಗೆ ಔಷಧಿಯಾಗುತ್ತಿತ್ತು. ಔಷಧಿಯ ಕಹಿಯನ್ನು ಯಾರೂ ಎರಡನೇ ಸಲ ಇಷ್ಟಪಟ್ಟು ಬಾಯಿಗಿಡುವುದಿಲ್ಲ. ಅವರು ಆರೋಗ್ಯಕ್ಕೆಂದು ತಿನ್ನುತ್ತಿರಲಿಲ್ಲ, ರುಚಿಗೆ ತಿನ್ನುತ್ತಿದ್ದರು. ಆ ರುಚಿ ಮೇಜಿನ ಈ ತುದಿಯವರೆಗೂ ಬರುತ್ತಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ವಿಸ್ತರಿಸಿ ಬರೆದವರೇ. ಊಟಕ್ಕೊಂದು ಪ್ಯಾರಾ, ಮಾತಿಗೊಂದು ಪ್ಯಾರಾ. ಎರಡನ್ನೂ ಒಂದೇ ಗಾದೆಯಲ್ಲಿ ಯಾಕೆ ಇಟ್ಟರು ಅಂತ ಆಗ ಯಾರೂ ಕೇಳಲಿಲ್ಲ. ಹಿರಿಯರು ಮದುವೆ ಮನೆಯ ಊಟದ ಸಾಲಿನಲ್ಲಿ ಕೂತೇ ಇದನ್ನು ಕಟ್ಟಿರಬೇಕು ಅಂತ ಈಗ ನನಗೆ ಅನುಮಾನ. ಊಟ ಬಲ್ಲವರು ಎಷ್ಟೋ ಜನ ಇದ್ದಾರೆ. ಊಟ ಬಲ್ಲವರಾಗಿದ್ದು, ಊಟದ ಹೊತ್ತಿನಲ್ಲಿ ಮಾತನ್ನೂ ಬಲ್ಲವರಾಗಿರುವುದು ಅಪರೂಪ.

ಅದೇ ಶಾಲೆಯಲ್ಲಿ ಬೆಲ್ಲದ ಕಥೆಯೂ ಇತ್ತು. ಬೆಲ್ಲ ಬಿಡದ ಮಗನನ್ನು ತಾಯಿಯೊಬ್ಬಳು ಮಹಾತ್ಮರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಕೆಲವರು ಇದನ್ನು ರಾಮಕೃಷ್ಣ ಪರಮಹಂಸರ ಹೆಸರಿನಲ್ಲಿ ಹೇಳುತ್ತಾರೆ, ಕೆಲವರು ಬೆಲ್ಲದ ಬದಲು ಸಕ್ಕರೆ ಮಾಡಿ ಗಾಂಧೀಜಿಯ ಹೆಸರಿನಲ್ಲಿ. ಆ ಮಹಾತ್ಮರು ಆಮೇಲೆ ಬಾ ಅನ್ನುತ್ತಾರೆ. ತಾಯಿ ಮತ್ತೆ ಹೋದಾಗ ಹುಡುಗನಿಗೆ ಬೆಲ್ಲ ತಿನ್ನಬೇಡ ಮಗು ಅನ್ನುತ್ತಾರೆ. ಅವತ್ತೇ ಯಾಕೆ ಹೇಳಲಿಲ್ಲ ಅಂದರೆ, ಅವತ್ತು ನಾನೂ ಬೆಲ್ಲ ತಿನ್ನುತ್ತಿದ್ದೆ ಅನ್ನುವುದು ಉತ್ತರ. ಮೇಷ್ಟರು ಅಲ್ಲಿಗೆ ಪುಸ್ತಕ ಮುಚ್ಚುತ್ತಿದ್ದರು. ನನ್ನ ಮನಸ್ಸು ಮಾತ್ರ ಆ ತಾಯಿ ಮಗನ ಹಿಂದೆಯೇ ಅವರ ಊರಿಗೆ ಹೋಗುತ್ತಿತ್ತು. ಮಹಾತ್ಮರನ್ನು ಹುಡುಗ ನೋಡಿದ್ದು ಎರಡು ಗಳಿಗೆ. ಮೂರು ಹೊತ್ತು ಅವನು ಊಟಕ್ಕೆ ಕೂರುವುದು ಅಮ್ಮನ ಪಕ್ಕದಲ್ಲಿ, ಅಪ್ಪನ ಎದುರಿಗೆ. ಅಡುಗೆ ಮನೆಯ ನೆಲುವಿನಲ್ಲಿ ಬೆಲ್ಲದ ಗಡಿಗೆ ಇದ್ದೇ ಇರುತ್ತದೆ. ಆ ಮನೆಯಲ್ಲಿ ಮಿಕ್ಕವರು ಏನು ತಿಂದರು, ಹೇಗೆ ತಿಂದರು? ಕಥೆ ನಿಜವಾಗಿ ಶುರುವಾಗುವುದೇ ಅಲ್ಲಿಂದ. ಅದನ್ನು ಯಾರೂ ಹೇಳಲಿಲ್ಲ.

ಗಾಂಧೀಜಿಯ ಮನೆಯಲ್ಲಿ ನಡೆದದ್ದನ್ನು ಅವರೇ ಹೇಳಿದ್ದಾರೆ. ದಕ್ಷಿಣ ಆಫ್ರಿಕದಲ್ಲಿದ್ದಾಗಿನ ಮಾತು. ಶಸ್ತ್ರಚಿಕಿತ್ಸೆಯಾದ ಮೇಲೂ ಕಸ್ತೂರಬಾಗೆ ರಕ್ತಸ್ರಾವ ಮರುಕಳಿಸಿತ್ತು. ಉಪ್ಪು ಬೇಳೆ ಎರಡನ್ನೂ ಬಿಡು ಅಂತ ಗಾಂಧಿ ಬೇಡಿಕೊಂಡರು. ಪುಸ್ತಕಗಳ ಆಧಾರ ಕೊಟ್ಟು ವಾದಿಸಿದರು. ಆಕೆ ಒಪ್ಪಲಿಲ್ಲ. ಕೊನೆಗೆ, ನಿಮಗೆ ಯಾರಾದರೂ ಹೇಳಿದರೆ ನೀವೇ ಬಿಡಲಾರಿರಿ ಅಂದುಬಿಟ್ಟರು. ಗಾಂಧಿ ಆ ಕ್ಷಣವೇ, ನೀನು ಬಿಡು ಬಿಡದಿರು, ನಾನು ಒಂದು ವರ್ಷ ಎರಡನ್ನೂ ಬಿಟ್ಟೆ ಎಂದು ವ್ರತ ತೊಟ್ಟರು. ಆಕೆ ಬೆಚ್ಚಿಬಿದ್ದು, ನಾನು ಬಿಡುತ್ತೇನೆ, ನೀವು ಮಾತು ಹಿಂತೆಗೆದುಕೊಳ್ಳಿ ಎಂದು ಅಂಗಲಾಚಿದರು. ಅವರು ಹಿಂತೆಗೆದುಕೊಳ್ಳಲಿಲ್ಲ. ನಿಮ್ಮದು ಬಹಳ ಹಟ ಎಂದು ಕಸ್ತೂರಬಾ ಅತ್ತರು. ಅದಾದ ಮೇಲೆ ಅವರ ಆರೋಗ್ಯ ಸುಧಾರಿಸಿತು. ಅದು ಉಪ್ಪು ಬೇಳೆ ಬಿಟ್ಟದ್ದರಿಂದಲೋ, ಊಟದ ಬೇರೆ ಬದಲಾವಣೆಗಳಿಂದಲೋ, ಮನಸ್ಸಿನ ಉತ್ಸಾಹದಿಂದಲೋ ಹೇಳಲಾರೆ ಎಂದು ಗಾಂಧಿ ಪ್ರಾಮಾಣಿಕವಾಗಿ ಬರೆದಿದ್ದಾರೆ. ಈ ಘಟನೆಯನ್ನು ತಮ್ಮ ಬದುಕಿನ ಸಿಹಿ ನೆನಪುಗಳಲ್ಲಿ ಒಂದೆಂದು ಎಣಿಸಿದ್ದಾರೆ.

ಅವರ ಆತ್ಮಕಥೆ 1925ರಿಂದ 1929ರವರೆಗೆ ನವಜೀವನ ಪತ್ರಿಕೆಯಲ್ಲಿ ವಾರ ವಾರ ಬಂದದ್ದು. ಆ ಪುಸ್ತಕವನ್ನು ನಾನು ಓದಿದ್ದು ಗೊರೂರು ರಾಮಸ್ವಾಮಿ ಅಯ್ಯಂಗಾರರ ಕನ್ನಡದಲ್ಲಿ, ಈ ಪುಟವನ್ನಂತೂ ಮತ್ತೆ ಮತ್ತೆ. ಗಾಂಧಿಯ ಮೇಲಿನ ಗೌರವ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಆದರೂ ನಾನು ಆ ಪುಟದಲ್ಲಿ ಕಸ್ತೂರಬಾ ಪಕ್ಕಕ್ಕೇ ಹೋಗಿ ನಿಲ್ಲುತ್ತೇನೆ. ಗಂಡ ಸಪ್ಪೆ ಉಣ್ಣುತ್ತಿರುವಾಗ ಆಕೆ ಉಪ್ಪಿನ ಡಬ್ಬಿಗೆ ಕೈ ಹಾಕುವುದಾದರೂ ಹೇಗೆ? ಮಾತಿನ ಒತ್ತಾಯಕ್ಕೆ ಎದುರು ಮಾತಾಡಬಹುದು, ವ್ರತದ ಎದುರು ಅಳುವುದೊಂದೇ ದಾರಿ. ಇನ್ನೊಬ್ಬರು ನೋಡಲಿ ಅಂತಲೇ ತಾನು ಬಿಡುವುದೂ ಒತ್ತಾಯವೇ. ಒಂದೊಂದು ಸಲ ಅದು ಮಾತಿಗಿಂತ ಭಾರ. ಇವತ್ತಿನ ಮನೆಗಳಲ್ಲೂ ಇದು ನಡೆಯುತ್ತದೆ. ಒಬ್ಬರು ಸಕ್ಕರೆ ಬಿಟ್ಟು, ಮಿಕ್ಕವರು ಕಾಫಿಗೆ ಸಕ್ಕರೆ ಹಾಕಿಕೊಳ್ಳುವಾಗ ಲೋಟದ ಕಡೆಗೆ ನೋಡುತ್ತಾರೆ. ಆ ನೋಟದಲ್ಲಿ ಕಾಫಿ ಕುಡಿಯುವುದು ಯಾರಿಗೂ ಹಿತವಲ್ಲ.

ಹಾಗೆ ನೋಡದೆ, ಸುಮ್ಮನೆ ಉಣ್ಣುವವರ ಮಾತಿಗೆ ರಾಗಿಯ ವಿಷಯವೇ ಬೇಕು, ಅದು ನಮ್ಮ ಮನೆಯ ವಿಷಯ. ನಮ್ಮ ಕಡೆ ಮುದ್ದೆ ಉಣ್ಣದ ಮನೆ ಇರಲಿಲ್ಲ, ಉಣ್ಣುತ್ತೇವೆ ಅಂತ ಹೊರಗಿನವರಿಗೆ ಹೇಳುವ ಮನೆಯೂ ಕಡಿಮೆಯೇ. ನೆಂಟರು ಬಂದರೆ ಅನ್ನ. ಅನ್ನ ಉಳ್ಳವರ ಊಟ, ಹಿಟ್ಟು ದುಡಿಯುವವರದು. ಈ ತಾರತಮ್ಯ ಎಷ್ಟು ಹಳೆಯದು ಅಂದರೆ ಹದಿನಾರನೇ ಶತಮಾನದಲ್ಲಿ ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಭತ್ತ ಮತ್ತು ರಾಗಿಯ ಜಗಳವನ್ನು ರಾಮನ ಸಭೆಗೇ ತಂದು ನಿಲ್ಲಿಸಿದರು. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಕೆಡದೆ ಉಳಿದದ್ದು ರಾಗಿ. ಕಾವ್ಯದಲ್ಲಿ ರಾಗಿ ಗೆದ್ದರೂ ಊಟದ ಮನೆಯಲ್ಲಿ ಗೆಲ್ಲಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ನೆಲದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಹೊಲದಲ್ಲಿ ತೆನೆ ತುಂಬಿತು. ರಾಗಿ ಲಕ್ಷ್ಮಣಯ್ಯ ಅಂತಲೇ ಜನ ಅವರನ್ನು ಕರೆದರು. ಆಗಲೂ ನೆಂಟರ ಎಲೆಗೆ ಅನ್ನವೇ.

1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಅವರ ರಾಗಿಮುದ್ದೆಯ ಸಂಗತಿ ಪತ್ರಿಕೆಗಳಲ್ಲಿ ಬಂತು. ನಮ್ಮೂರಿನಲ್ಲಿ ಅದನ್ನು ಜನ ಓದಿ ಓದಿ ಹೇಳಿದರು. ಹಾಸ್ಟೆಲಿನಲ್ಲಿ ಮನೆ ಊಟದ ಮಾತು ಬಂದಾಗ ಬಾಯಿ ಬಿಡದಿದ್ದ ಹುಡುಗರು ಆ ವರ್ಷ, "ನಮ್ಮನೇಲೂ ಮುದ್ದೆನೇ" ಅಂದದ್ದು ನನಗೆ ನೆನಪಿದೆ. ದೇವೇಗೌಡರ ರಾಜಕೀಯದ ಬಗ್ಗೆ ಒಬ್ಬೊಬ್ಬರ ಅಭಿಪ್ರಾಯ ಒಂದೊಂದು ಇರಲಿ. ದೆಹಲಿಯಲ್ಲಿ ಕೂತು ಹಾಸನದ ಊಟ ಉಂಡದ್ದರಿಂದ ಎಷ್ಟೋ ಮನೆಗಳಲ್ಲಿ ಒಂದು ನಾಚಿಕೆ ಹೋಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿತು. ಮೇಳಗಳು, ಫಲಕಗಳು, ನವಣೆ ಬಿಸ್ಕತ್ತು, ಸಾಮೆ ದೋಸೆ. ಒಳ್ಳೆಯದೇ ಆಯಿತು. ಆದರೂ ಮನೆಯೊಳಗೆ ಯಾರಾದರೂ ಅದನ್ನು ಸುಮ್ಮನೆ, ಸಂತೋಷವಾಗಿ ಉಣ್ಣುತ್ತಿದ್ದರೆ ಮಾತ್ರ ಮಗು ಆ ಕಡೆ ಕೈ ಚಾಚುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಅಕ್ಕ ಇರುವುದು ನ್ಯೂಜೆರ್ಸಿಯಲ್ಲಿ. ಒಂದು ಬೇಸಿಗೆ ರಜಕ್ಕೆ ಮಗನನ್ನು ಕರೆತಂದಿದ್ದಳು. ಹುಡುಗನಿಗೆ ನೂಡಲ್ಸ್, ಚೀಸ್ ಹಾಕಿದ ಬ್ರೆಡ್ ಬಿಟ್ಟರೆ ಏನೂ ಸೇರದು. ಇಡೀ ಮನೆ ಅವನ ತಟ್ಟೆಯ ಸುತ್ತ. ಒಂದು ತುತ್ತಿಗೆ ಹತ್ತು ನಿಮಿಷ ಟ್ಯಾಬ್ ಎನ್ನುವ ಒಪ್ಪಂದವೂ ನಡೆದಿತ್ತು. ಇದರ ಗೊಡವೆಗೆ ಹೋಗದೆ ಉಣ್ಣುತ್ತಿದ್ದವರು ನಮ್ಮ ತಂದೆ ಒಬ್ಬರೇ. ಮಧ್ಯಾಹ್ನ ಒಂದಕ್ಕೆ ಅವರಿಗೆ ಮುದ್ದೆ, ಬಸ್ಸಾರು. ಬೆರಕೆ ಸೊಪ್ಪನ್ನು ಕಾಳಿನ ಜೊತೆ ಬೇಯಿಸಿ ಬಸಿದ ನೀರಿಗೆ ಖಾರ ರುಬ್ಬಿ ಹಾಕಿದ್ದು ಸಾರು, ಬಸಿದುಳಿದದ್ದಕ್ಕೆ ಕಾಯಿತುರಿ ಒಗ್ಗರಣೆ ಬಿದ್ದರೆ ಪಲ್ಯ. ತಟ್ಟೆಯಲ್ಲಿ ಹಬೆಯಾಡುವ ಮುದ್ದೆ. ಅವರು ಬೆರಳನ್ನು ಸಾರಿಗೆ ತಾಗಿಸಿ, ಒಂದು ತುಣುಕು ಮುರಿದು, ಅಂಗೈಗೆ ಮೆತ್ತದಂತೆ ಬೆರಳ ತುದಿಯಲ್ಲೇ ದುಂಡಗೆ ಮಾಡಿ, ಸಾರಿನಲ್ಲಿ ಒಂದು ಸಲ ಹೊರಳಿಸಿ, ಬಾಯಿಗಿಟ್ಟರೆ ಗಂಟಲಿನ ಗುಳಿ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಹಲ್ಲಿಗೆ ಕೆಲಸವೇ ಇಲ್ಲ.

ಹುಡುಗ ಟ್ಯಾಬ್ ಬಿಟ್ಟು ಅದನ್ನೇ ನೋಡುತ್ತಿದ್ದ. ಒಂದು ದಿನ ಹತ್ತಿರ ಬಂದು, "ತಾತಾ, ನೀವು ಅಗಿಯೋದೇ ಇಲ್ವಾ?" ಅಂದ. ತಂದೆ ಬಾಯಿ ತೆರೆದು ತೋರಿಸಿದರು. ಖಾಲಿ. ಅವನಿಗೆ ಅದು ಇಂದ್ರಜಾಲ. ತನಗೂ ಬೇಕು ಅಂದ. ತಂದೆ ಕಡಲೆಕಾಳಿನಷ್ಟು ಉಂಡೆ ಮಾಡಿ ಅವನ ಅಂಗೈಯಲ್ಲಿಟ್ಟು ತಮ್ಮ ಊಟ ಮುಂದುವರಿಸಿದರು. ಅವನು ಅಗಿದ, ಹಲ್ಲಿಗೆಲ್ಲ ಅಂಟಿತು, ಉಗುಳಿದ, ಇನ್ನೊಂದು ಕೇಳಿದ. ಮುದ್ದೆ ನುಂಗುವುದನ್ನು ಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ. ಎದುರಿಗೆ ಒಬ್ಬರು ನುಂಗಬೇಕು, ನೋಡುವವರು ನೋಡಬೇಕು. ಆ ವಾರ ಕಳೆಯುವಷ್ಟರಲ್ಲಿ ಅವನ ಗಂಟಲಿಗೂ ಅದು ಬಂತು. ತಾತನ ಪಕ್ಕ ಪುಟ್ಟ ತಟ್ಟೆ ಬಿತ್ತು, ಅದರಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆ.

ಅಕ್ಕನಿಗೆ ಹಿಗ್ಗೋ ಹಿಗ್ಗು. ಯಾವುದೋ ಪಟ್ಟಿ ತೆಗೆದು ನೋಡಿದಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ, ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. "ತಿನ್ನು ಕಂದಾ, ಮೂಳೆ ಗಟ್ಟಿಯಾಗುತ್ತೆ. ಇನ್ನೊಂದು ಉಂಡೆ, ಅಮ್ಮನಿಗೋಸ್ಕರ" ಅಂದಳು. ಹುಡುಗ ತಟ್ಟೆ ನೂಕಿ ಎದ್ದ. ಒಂದೆರಡು ದಿನ ಮುದ್ದೆಯ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕ ಅಂಕಿಗಳನ್ನು ಮರೆತ ಮೇಲೆ ತಾನಾಗಿ ಬಂದು ತಾತನ ಪಕ್ಕ ಕೂತ. ಈಗ ಅಲ್ಲಿ ಇಂಡಿಯನ್ ಅಂಗಡಿಯಿಂದ ರಾಗಿಹಿಟ್ಟು ತರಿಸುತ್ತಾನಂತೆ. ಗಂಟಿಲ್ಲದೆ ತಿರುವಲು ಅಕ್ಕನಿಗೇ ಇನ್ನೂ ಬಾರದು, ಅಮ್ಮ ಇಲ್ಲಿಂದ ವಿಡಿಯೋ ಕರೆಯಲ್ಲಿ ಕೋಲು ಹಿಡಿಯುವುದನ್ನು ತೋರಿಸುತ್ತಾಳೆ.

ಅಮ್ಮನ ಹೆಸರು ಬಂತು. ಇದೆಲ್ಲ ಬರೆಯುವಾಗ ನನ್ನನ್ನು ಹೆಚ್ಚು ಕಾಡುವುದು ಅವಳ ತಟ್ಟೆ. ನಮ್ಮ ಬಾಲ್ಯದಲ್ಲಿ ನಾವು ತಂದೆಯ ತಟ್ಟೆ ನೋಡಿದ್ದೇವೆ, ಅಜ್ಜನ ತಟ್ಟೆ ನೋಡಿದ್ದೇವೆ. ಅವರು ಹಾಗಲಕಾಯಿ ಗೊಜ್ಜನ್ನು ಕೈ ನೆಕ್ಕಿ ಉಂಡದ್ದರಿಂದ ನಮಗೂ ಹಾಗಲಕಾಯಿ ಸೇರಿತು. ಅಮ್ಮ ಏನು ಉಣ್ಣುತ್ತಿದ್ದಳು ಅಂತ ಕೇಳಿದರೆ ನಾವು ಮೂರೂ ಮಕ್ಕಳಿಗೆ ಉತ್ತರ ಇಲ್ಲ. ಎಲ್ಲರದೂ ಆದ ಮೇಲೆ ಅಡುಗೆಮನೆಯ ಗೋಡೆಗೆ ಒರಗಿ ಅವಳು ಉಣ್ಣುತ್ತಿದ್ದಳು. ಸೊಪ್ಪನ್ನು ಜಗಲಿಯಲ್ಲಿ ಕೂತು ಸೋಸಿದವಳು ಅವಳು. ಹೊನಗೊನೆ, ಅಣ್ಣೆ, ಗಣಿಕೆ, ಕಿರುಕಸಾಲೆ, ಒಂದೊಂದನ್ನೂ ಹೆಸರು ಹೇಳಿ ನಮಗೆ ಗುರುತು ಹಿಡಿಸಿದವಳು. ಪಲ್ಯದ ರುಚಿಗೆ ನಾವು ಎರಡೆರಡು ಸಲ ಹಾಕಿಸಿಕೊಳ್ಳುವಾಗ ಬೋಗುಣಿಯ ತಳ ಅವಳಿಗೆ ಮಾತ್ರ ಕಾಣುತ್ತಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಆ ಅಂಕಿ ಓದಿದಾಗ ನನ್ನ ಕಣ್ಣಿಗೆ ಬಂದದ್ದು ಆ ಬೋಗುಣಿಯ ತಳ.

ಅಮ್ಮನ ಈ ರೂಢಿಯನ್ನು ಮುರಿದವಳು ತಮ್ಮನ ಹೆಂಡತಿ. ಮನೆಗೆ ಬಂದ ಹೊಸದರಲ್ಲೇ ಅವಳಿಗೆ ರಕ್ತ ಕಡಿಮೆ ಎಂದು ಡಾಕ್ಟರು ಹೇಳಿದ್ದರು. ಅವಳು ಯಾರಿಗೂ ಉಪದೇಶ ಮಾಡಲಿಲ್ಲ, ಹೆಂಗಸರ ಹಕ್ಕಿನ ಮಾತು ಎತ್ತಲಿಲ್ಲ. ಒಂದು ರಾತ್ರಿ ಪಾತ್ರೆಗಳನ್ನೆಲ್ಲ ಹಜಾರಕ್ಕೆ ತಂದು ನಡುವೆ ಇಟ್ಟು, ತನ್ನ ತಟ್ಟೆಯನ್ನೂ ತಂದು ನಮ್ಮ ಜೊತೆ ಕೂತಳು. ತನಗೆ ಬೇಕಾದಷ್ಟು ಸೊಪ್ಪಿನ ಪಲ್ಯ ಹಾಕಿಕೊಂಡಳು, ಮೇಲೊಂದು ನಿಂಬೆಹೋಳು ಹಿಂಡಿಕೊಂಡಳು, ಉಂಡಳು. ತಂದೆ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಮುದ್ದೆ ಮುರಿದರು. ಬಡಿಸಲು ನಿಂತಿದ್ದ ಅಮ್ಮನಿಗೆ ಕೈಗೆ ಕೆಲಸವಿಲ್ಲದಂತಾಯಿತು. ಮೊದಮೊದಲು ಅವಳಿಗೆ ಇದು ಸರಿಬರಲಿಲ್ಲ. ಸೌಟು ಹಿಡಿದು ಬಾಗಿಲ ಹತ್ತಿರ ನಿಂತೇ ಇರುತ್ತಿದ್ದಳು. ಸೊಸೆ ಅವಳನ್ನು ಕೂರಿ ಅಂತ ಕೈಹಿಡಿದು ಎಳೆಯಲಿಲ್ಲ. ತನ್ನ ಪಕ್ಕ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂರುತ್ತಿದ್ದಳು. ಒಂದು ಸಂಜೆ ಕಾಲು ನೋವು ಅನ್ನುತ್ತ ಅಮ್ಮ ಆ ಜಾಗದಲ್ಲಿ ಕೂತಳು. ಕೂತಮೇಲೆ ತಟ್ಟೆಯೂ ಬಂತು.

ಅವತ್ತು ನಾವು ಮೊದಲ ಸಲ ಅಮ್ಮ ಉಣ್ಣುವುದನ್ನು ನೋಡಿದೆವು. ಒಂದು ಚಮಚ ಪಲ್ಯ ಹಾಕಿಕೊಂಡು ಬೋಗುಣಿಯನ್ನು ತಮ್ಮನ ಕಡೆ ಸರಿಸಿದಳು. ತಮ್ಮ ಅದನ್ನು ಹಿಡಿದುಕೊಂಡು, ಅದರ ತಳ ನೋಡಿ, ಏನೂ ಹಾಕಿಕೊಳ್ಳದೆ ಮತ್ತೆ ಅವಳ ಕಡೆಗೇ ಸರಿಸಿದ. ಯಾರೂ ಮಾತಾಡಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಸೊಪ್ಪಿನ ಲೆಕ್ಕ ಬದಲಾಯಿತು. ಮೊದಲೆಲ್ಲ ಎರಡು ಕಟ್ಟು ತಂದರೆ ಮುಗಿಯುತ್ತಿತ್ತು. ಈಗ ನಾಲ್ಕು ಕಟ್ಟೂ ಸಾಲುವುದಿಲ್ಲ. ಬೆಳಿಗ್ಗೆ ಸೊಪ್ಪಿನವಳು ಬುಟ್ಟಿ ಇಳಿಸಿದ ಕೂಡಲೆ ಅಮ್ಮ ಗೇಟಿನ ಹತ್ತಿರ ಹೋಗುತ್ತಾಳೆ, ದಂಟಿನ ಬೇರು ಎತ್ತಿ ನೋಡುತ್ತಾಳೆ, ನಿನ್ನೆಯದೋ ಇವತ್ತಿನದೋ ಕೇಳುತ್ತಾಳೆ, ನಾಲ್ಕರ ಮೇಲೆ ಕೊಸರಿಗೊಂದು ಸಣ್ಣ ಕಟ್ಟು ಮೆಂತ್ಯ ಹಾಕು ಅಂತ ಜಗ್ಗಾಡುತ್ತಾಳೆ. ಹುನಗುಂದದವರ ಕಥೆಯನ್ನು ನಾನು ಮನೆಯಲ್ಲಿ ಹೇಳಿದ್ದೆ. ಹಸಿ ಮೆಂತ್ಯವನ್ನು ಚಟ್ನಿಪುಡಿಗೆ ಅದ್ದಿ ತಿನ್ನುವುದು ಅಮ್ಮನಿಗೆ ಎಪ್ಪತ್ತರ ಮೇಲೆ ಹತ್ತಿದ ರುಚಿ. ಪುಡಿಗೆ ಗುರೆಳ್ಳು ನಮ್ಮ ಬಡಾವಣೆಯ ಅಂಗಡಿಯಲ್ಲಿ ಸಿಗುವುದಿಲ್ಲ. ಮುಗಿದಾಗೆಲ್ಲ ನಾನೇ ಕಚೇರಿಯಲ್ಲಿ ಅವರನ್ನು ಕೇಳಿ ಊರಿಂದ ತರಿಸಿಕೊಡಬೇಕು. ಈ ಸಲ ಅರ್ಧ ಕೇಜಿ ಸಾಲದು, ಒಂದು ಕೇಜಿ ಹೇಳು ಅಂದಿದ್ದಾಳೆ.